ತಂಗಳು ಪೆಟ್ಟಿಗೆಯೂ ಶ್ರಾವಕನ ವ್ರತವೂ

ಮನೆಯ ಫ್ರಿಜ್ಜಿಗೆ ಕನ್ನಡದಲ್ಲಿ ಯಾರೋ ‘ತಂಗಳು ಪೆಟ್ಟಿಗೆ’ ಎಂಬ ಹೆಸರಿಟ್ಟರು. ಅದು ನಗೆಗಾಗಿ ಹುಟ್ಟಿದ ಹೆಸರೇ ಇರಬಹುದು. ಆದರೆ ಜೈನ ಗೃಹಸ್ಥನು ಅದನ್ನು ಕೇಳಿ ಸುಮ್ಮನೆ ನಕ್ಕು ಮುಂದೆ ಹೋಗುವಂತಿಲ್ಲ. ನಮ್ಮ ಹಿರಿಯರು ಊಟಕ್ಕೆ ಕುಳಿತಾಗ ಎರಡು ಪ್ರಶ್ನೆಗಳನ್ನು ಕೇಳುತ್ತಿದ್ದರು. ಇದು ಏನು ಎಂಬುದು ಒಂದು. ಇದು ಯಾವಾಗಿನದು ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಯನ್ನು ನಾವು ಇಂದಿಗೂ ಕೇಳುತ್ತೇವೆ. ಎರಡನೆಯದನ್ನು ಫ್ರಿಜ್ ಮರೆಸಿಬಿಟ್ಟಿದೆ.

ಕೆಲವು ವರ್ಷಗಳ ಹಿಂದೆ ವಿಹಾರದಲ್ಲಿದ್ದ ಮುನಿಸಂಘವೊಂದು ನಮ್ಮ ಶಿರಾ ಸೀಮೆಯನ್ನು ಹಾದು ಹೋಯಿತು. ಪಟ್ಟನಾಯಕನಹಳ್ಳಿಯ ಕಡೆ ಜೈನರ ಮನೆಗಳು ಬೆರಳೆಣಿಕೆಯಷ್ಟು. ಆಹಾರದಾನದ ಅವಕಾಶ ದೊರೆಯುವುದೇ ಅಪರೂಪ. ಅಂದು ಬೆಳಗಿನ ಜಾವವೇ ಮನೆಯವರೆಲ್ಲ ಎದ್ದು ಬಾವಿಯ ನೀರು ಸೇದಿ, ಬಟ್ಟೆಯಲ್ಲಿ ಸೋಸಿ ಕಾಯಿಸಿದೆವು. ಹಿಟ್ಟನ್ನು ಮನೆಯಲ್ಲಿಯೇ ಬೀಸಿದ್ದೆವು. ಕರೆದ ಹಾಲು ತಡಮಾಡದೆ ಒಲೆಗೆ ಏರಿತು. ಆ ದಿನ ಫ್ರಿಜ್ಜಿನ ಬಾಗಿಲನ್ನು ಯಾರೂ ತೆರೆಯಲಿಲ್ಲ. ಇದನ್ನೆಲ್ಲ ಗಮನಿಸುತ್ತಿದ್ದ ನನ್ನ ಮೊಮ್ಮಗ ಸಂಜೆ ಕೇಳಿದ: “ತಾತ, ಫ್ರಿಜ್ಜಲ್ಲಿ ಇಟ್ಟಿರೋದು ಮಹಾರಾಜರಿಗೆ ಆಗಲ್ಲ ಅಂದ್ರೆ ನಮಗೆ ಹೇಗೆ ಆಗುತ್ತೆ?”

ಅವರು ಮಹಾವ್ರತಿಗಳು, ನಾವು ಸಂಸಾರಿಗಳು ಎಂದು ಹೇಳಿ ಅವನನ್ನು ಸುಮ್ಮನಾಗಿಸಿದೆ. ಅದು ಸುಳ್ಳಲ್ಲ. ಆದರೆ ಪೂರ್ಣ ಉತ್ತರವೂ ಅಲ್ಲ ಎಂಬುದು ನನಗೆ ಆಗಲೇ ತಿಳಿದಿತ್ತು. ಮುನಿಗಳ ಶರೀರ ರತ್ನತ್ರಯದ ಸಾಧನ ಎಂದು ಅವರಿಗೆ ಶುದ್ಧ ಆಹಾರವನ್ನು ಕೊಡುತ್ತೇವೆ. ಗೃಹಸ್ಥನ ಶರೀರವೂ, ಬೆಳೆಯುವ ಮಗುವಿನ ಶರೀರವೂ ಧರ್ಮಸಾಧನವೇ ತಾನೆ? ಒಂದೇ ಮನೆಯಲ್ಲಿ ಎರಡು ಅಡುಗೆಮನೆಗಳು, ಒಂದು ದಾನಕ್ಕೆ, ಇನ್ನೊಂದು ನಾಲಗೆಗೆ ಎಂಬಂತೆ ನಾವು ಬದುಕುತ್ತಿದ್ದೇವೆ. ಈ ಅಂತರವನ್ನು ಪೂರ್ತಿ ಅಳಿಸಲಾರೆವು, ಕಿರಿದುಗೊಳಿಸಬಲ್ಲೆವು. ಅದಕ್ಕೆ ಬೇಕಾದ ಉಪಾಯ ಹೊಸದಾಗಿ ಹುಟ್ಟಬೇಕಿಲ್ಲ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅದು ಆಗಲೇ ಇದೆ. ಅದರ ಹೆಸರು ಭೋಗೋಪಭೋಗ ಪರಿಮಾಣ.

ಒಮ್ಮೆ ಬಳಸಿದರೆ ಮುಗಿದುಹೋಗುವ ವಸ್ತು ಭೋಗ. ಅನ್ನ, ಹೂವು ಇಂಥವು. ಮತ್ತೆ ಮತ್ತೆ ಬಳಸಬಹುದಾದುದು ಉಪಭೋಗ. ಬಟ್ಟೆ, ಮನೆ, ಪಾತ್ರೆ ಇಂಥವು. ಇವೆರಡಕ್ಕೂ ಇಷ್ಟೇ ಸಾಕು ಎಂಬ ಮಿತಿಯನ್ನು ತಾನಾಗಿಯೇ ಹಾಕಿಕೊಳ್ಳುವುದು ಈ ವ್ರತ. ಫ್ರಿಜ್ ಮಾಡಿದ ಕೆಲಸವನ್ನು ಈ ಬೆಳಕಿನಲ್ಲಿ ನೋಡಬೇಕು. ಒಂದು ಹೊತ್ತಿಗೆ ಮುಗಿಯಬೇಕಾಗಿದ್ದ ಸಾರು ಮೂರು ದಿನದ ಸೊತ್ತಾಯಿತು. ಹಬ್ಬಕ್ಕೊಮ್ಮೆ ಬರುತ್ತಿದ್ದ ಸಿಹಿ ವರ್ಷವಿಡೀ ಕೈಗೆಟಕುವ ಎತ್ತರದಲ್ಲಿ ಕುಳಿತಿತು. ಹೀಗೆ ಭೋಗವಾಗಿದ್ದ ಅನ್ನವನ್ನು ನಾವು ಉಪಭೋಗದಂತೆ ಕೂಡಿಡಲು ಕಲಿತೆವು. ನಮ್ಮ ಬಯಲುಸೀಮೆಯ ಹಿರಿಯರಿಗೂ ಕೂಡಿಡುವುದು ಗೊತ್ತಿತ್ತು. ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಕಾಪಾಡಿ ಬರಗಾಲವನ್ನು ದಾಟಿದವರು ಅವರು. ಆದರೆ ಅವರು ಧಾನ್ಯವನ್ನು ಕೂಡಿಟ್ಟರು, ಅಡುಗೆಯನ್ನು ಕೂಡಿಡಲಿಲ್ಲ.

ಯಾವುದನ್ನು ಬಿಡಬೇಕು ಎಂಬುದಕ್ಕೆ ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಇಂದಿಗೂ ದಾರಿದೀಪ. ಅದನ್ನು ಆಧರಿಸಿ ನಮ್ಮ ಪಂಡಿತರು ತ್ಯಾಜ್ಯ ವಸ್ತುಗಳನ್ನು ಐದು ಬಗೆಯಾಗಿ ವಿವರಿಸುತ್ತಾರೆ. ಚಲಿಸುವ ಜೀವಿಗಳ ಹಿಂಸೆಯಿಂದ ದೊರೆಯುವ ಮಾಂಸ, ಜೇನು ಮೊದಲನೆಯದು. ಫಲ ಸ್ವಲ್ಪ, ಜೀವಹಾನಿ ಬಹಳ ಎನಿಸುವ ಹಸಿ ಶುಂಠಿ, ಮೂಲಂಗಿ, ಬೆಣ್ಣೆ ಮುಂತಾದವು ಎರಡನೆಯದು. ಬುದ್ಧಿಯನ್ನು ಮಂಕಾಗಿಸುವ ಮದ್ಯ ಮೂರನೆಯದು. ನಾಲ್ಕನೆಯದು ‘ಅನಿಷ್ಟ’, ಅಂದರೆ ಹಿಂಸೆಯ ದೋಷವಿಲ್ಲದಿದ್ದರೂ ತಿನ್ನುವವನ ದೇಹಕ್ಕೆ ಒಗ್ಗದೆ ಕೇಡು ಮಾಡುವುದು. ಸಜ್ಜನರು ಸೇವಿಸಲು ತಕ್ಕದ್ದಲ್ಲದ ‘ಅನುಪಸೇವ್ಯ’ ಐದನೆಯದು.

ಮೊದಲ ಮೂರನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ನಾಲ್ಕನೆಯದನ್ನು ಮಾತ್ರ ವೈದ್ಯರ ಪಾಲಿಗೆ ಬಿಟ್ಟುಬಿಟ್ಟಿದ್ದೇವೆ. ಆಚಾರ್ಯರು ಹಾಗೆ ಬಿಡಲಿಲ್ಲ. ದೇಹಕ್ಕೆ ಕೇಡಾಗುವುದನ್ನು ತಿಳಿದೂ ತಿನ್ನುವುದು ವ್ರತದ ವಿಚಾರವೇ ಎಂದು ಅವರು ಎಣಿಸಿದರು. ಈ ಒಂದು ಮಾತನ್ನು ಹಿಡಿದು ಇಂದಿನ ಫ್ರಿಜ್ಜಿನ ಬಾಗಿಲು ತೆರೆದರೆ ಕಾಣುವುದೇನು? ಬಣ್ಣದ ತಂಪುಪಾನೀಯದ ಸೀಸೆ, ಸಕ್ಕರೆ ಬೆರೆಸಿದ ‘ಹಣ್ಣಿನ ರಸ’ದ ಡಬ್ಬಿ, ಜಾಮು, ಸಾಸು, ಚಾಕೊಲೇಟು, ಐಸ್‌ಕ್ರೀಂ, ನಾಲ್ಕು ದಿನದ ದೋಸೆ ಹಿಟ್ಟು, ಮೊನ್ನೆಯ ಪಲ್ಯ. ಈರುಳ್ಳಿ ಬೆಳ್ಳುಳ್ಳಿ ಸೋಕದ ಮನೆ ಎಂಬ ಅಭಿಮಾನವೊಂದು ಬೇರೆ.

ಇದನ್ನು ನಾನು ಬೇರೆಯವರ ಮೇಲೆ ಬೆರಳು ತೋರಿ ಬರೆಯುತ್ತಿಲ್ಲ. ನಿವೃತ್ತಿಯ ಬಳಿಕ ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಪ್ರಮಾಣ ಏರಿರುವುದು ತಿಳಿದಾಗ ನನಗೆ ಅಚ್ಚರಿಯಾಗಿತ್ತು. ಹುಟ್ಟು ಸಸ್ಯಾಹಾರಿ, ರಾತ್ರಿಭೋಜನ ತ್ಯಾಗಿ. ನನಗೆ ಹೇಗೆ ಬಂತು ಎಂದುಕೊಂಡೆ. ವೈದ್ಯರು ಔಷಧ ಬರೆಯುವ ಮೊದಲು ಸಂಜೆ ಏನು ತಿನ್ನುತ್ತೀರಿ ಎಂದು ಕೇಳಿದರು. ಸೂರ್ಯಾಸ್ತದೊಳಗೆ ಮುಗಿಸುವ ಆತುರದಲ್ಲಿ ಎಷ್ಟೋ ದಿನ ನನ್ನ ಸಂಜೆಯ ಊಟವೆಂದರೆ ಬ್ರೆಡ್ಡು, ಜಾಮು, ಒಂದು ಲೋಟ ಡಬ್ಬಿಯ ರಸ. ಹೊತ್ತಿನ ನಿಯಮವನ್ನು ತಪ್ಪದೆ ಪಾಲಿಸಿದ್ದೆ. ಆ ಹೊತ್ತಿನಲ್ಲಿ ಏನು ತಿನ್ನುತ್ತಿದ್ದೇನೆ ಎಂಬುದನ್ನು ನೋಡಿರಲಿಲ್ಲ.

ನಾನೊಬ್ಬನೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ವಯಸ್ಕರಲ್ಲಿ ಅದು ಶೇ 11.4ರಷ್ಟು. ಆ ಅಂಚಿನಲ್ಲಿರುವವರು ಇನ್ನೂ ಹೆಚ್ಚು, ಸುಮಾರು 13.6 ಕೋಟಿ. ದಿನಕ್ಕೆ ಉಪ್ಪು 5 ಗ್ರಾಂ ಒಳಗಿರಲಿ, ಸೇರಿಸಿದ ಸಕ್ಕರೆ ಸುಮಾರು 25 ಗ್ರಾಂ ದಾಟದಿದ್ದರೆ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಿಹಿಯಾದ ತಂಪುಪಾನೀಯಗಳಲ್ಲಿ ಸಾಮಾನ್ಯವಾಗಿ 100 ಮಿಲಿಲೀಟರಿಗೆ 10 ಗ್ರಾಂ ಆಸುಪಾಸು ಸಕ್ಕರೆಯಿರುತ್ತದೆ. ಒಂದು ದೊಡ್ಡ ಲೋಟ ಕುಡಿದ ಮಗು ಅಂದಿನ ಮಿತಿಯನ್ನು ಒಂದೇ ಉಸಿರಿಗೆ ದಾಟಿರುತ್ತದೆ.

ಇಲ್ಲಿ ಹಸಿರು ಗುರುತಿನ ಮಾತನ್ನೂ ಹೇಳಬೇಕು. ಪೊಟ್ಟಣದ ಮೇಲೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಕಂಡರೆ ಸಾಕು, ನಾವು ನಿಶ್ಚಿಂತೆಯಿಂದ ಚೀಲಕ್ಕೆ ಹಾಕಿಕೊಳ್ಳುತ್ತೇವೆ. ಆ ಗುರುತು ಉಪಕಾರಿಯೇ. ಆದರೆ ಅದು ಹೇಳುವುದು ಒಂದೇ ವಿಷಯ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಹಾಲಿನಂತೆಯೇ ಜೇನೂ ಮಾಂಸಾಹಾರದ ವ್ಯಾಖ್ಯೆಯಿಂದ ಹೊರಗಿದೆ. ಆದುದರಿಂದ ಜೇನು ಬೆರೆತ ಬಿಸ್ಕತ್ತಿಗೂ ಹಸಿರು ಚುಕ್ಕೆಯೇ ಇರುತ್ತದೆ. ಜೇನಿನ ಹೆಸರನ್ನೇ ಹೊತ್ತ ಮಧುಗಿರಿ ನಮ್ಮ ನೆರೆಯ ತಾಲ್ಲೂಕು. ಮದ್ಯ, ಮಾಂಸಗಳ ಜೊತೆಗೆ ಮಧುವನ್ನೂ ಬಿಡುವುದು ಶ್ರಾವಕನ ಮೂಲಗುಣ. ಅದನ್ನು ಹಸಿರು ಚುಕ್ಕೆಯ ಭರವಸೆಯಲ್ಲಿ ಅರಿಯದೆ ತಿನ್ನುತ್ತಿರುವವರು ಎಷ್ಟೋ ಮಂದಿ. ಸಕ್ಕರೆ, ಉಪ್ಪು, ಕೊಬ್ಬು ಎಷ್ಟಿದೆ ಎಂಬುದನ್ನೂ ಆ ಚುಕ್ಕೆ ಹೇಳುವುದಿಲ್ಲ. ಅದನ್ನು ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳು ಹೇಳುತ್ತವೆ. ಸ್ವಾಧ್ಯಾಯಕ್ಕೆ ಕನ್ನಡಕ ಹಾಕುವ ನಾವು ಅಂಗಡಿಯಲ್ಲಿಯೂ ಒಮ್ಮೆ ಹಾಕಿಕೊಳ್ಳಬೇಕು.

ಆರೋಗ್ಯದ ಸಲಹೆಯನ್ನು ಕಣ್ಣುಮುಚ್ಚಿ ಅನುಸರಿಸಿದರೂ ಜೈನನಿಗೆ ಸಾಲದು. ಸಕ್ಕರೆಯ ಬದಲು ಜೇನು ಬಳಸಿ, ಒಣ ಅಂಜೂರ ತಿನ್ನಿ, ಅಣಬೆ ತಿನ್ನಿ ಎಂಬ ಸಲಹೆಗಳು ದಿನವೂ ಕಿವಿಗೆ ಬೀಳುತ್ತವೆ. ಆಲ, ಅರಳಿ, ಅತ್ತಿಗಳ ಬಳಗಕ್ಕೆ ಸೇರಿದ ಹಣ್ಣುಗಳನ್ನು ಶ್ರಾವಕನು ಬಿಡುತ್ತಾನೆ. ಅಂಜೂರವೂ ಆ ಬಳಗದ್ದೇ. ಧರ್ಮದ ಪಟ್ಟಿಯನ್ನು ಒಂದು ಕೈಯಲ್ಲಿ, ವೈದ್ಯರ ಪಟ್ಟಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಎರಡಕ್ಕೂ ಒಪ್ಪಿಗೆಯಾದುದನ್ನು ಆರಿಸಬೇಕು. ಅಂಥವು ಕಡಿಮೆಯೇನೂ ಇಲ್ಲ.

ಇನ್ನು ಕಾಲಮರ್ಯಾದೆಯ ವಿಷಯ. ನಮ್ಮ ಆಚಾರದಲ್ಲಿ ಪ್ರತಿಯೊಂದು ಆಹಾರಕ್ಕೂ ಒಂದು ಅವಧಿಯುಂಟು. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ. ಅನ್ನ, ಬೇಳೆಗೆ ಎರಡು ಪ್ರಹರ, ಅಂದರೆ ಆರು ಗಂಟೆ. ರುಚಿ, ವಾಸನೆ ಕೆಟ್ಟದ್ದು ‘ಚಲಿತರಸ’, ಅದು ತ್ಯಾಜ್ಯ. ಫ್ರಿಜ್ಜಿನಲ್ಲಿಟ್ಟರೆ ಈ ಅವಧಿ ಹೆಚ್ಚುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಂಪು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ ಎಂದು ವಿಜ್ಞಾನವೇ ಹೇಳುತ್ತದೆ. ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬೇಡಿ, ಇಡುವುದಾದರೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಡಿ, ಅಲ್ಲಿಯೂ ಬಹಳ ದಿನ ಇಡಬೇಡಿ ಎಂಬುದು ಆಹಾರ ಸುರಕ್ಷತೆಯ ನಿಯಮ. ಪದೇಪದೇ ವಿದ್ಯುತ್ ಹೋಗಿ ಬರುವ ಊರುಗಳಲ್ಲಿ ಆ ತಂಪೂ ಸ್ಥಿರವಾಗಿರುವುದಿಲ್ಲ. ಶಾಸ್ತ್ರವೂ ವಿಜ್ಞಾನವೂ ಒಂದೇ ಎಂದು ನಾನು ವಾದಿಸುವುದಿಲ್ಲ. ಶಾಸ್ತ್ರದ ದೃಷ್ಟಿ ಆ ಆಹಾರದಲ್ಲಿ ಹುಟ್ಟುವ ಜೀವಗಳ ಮೇಲಿದೆ. ವಿಜ್ಞಾನದ ದೃಷ್ಟಿ ತಿನ್ನುವವನ ಮೇಲಿದೆ. ಆದರೂ ಎರಡು ದಾರಿಗಳೂ ಬಂದು ಸೇರುವುದು ಅಂದಿನದನ್ನು ಅಂದೇ ಮಾಡಿ ಅಂದೇ ಮುಗಿಸು ಎಂಬಲ್ಲಿಗೆ.

ಇದಕ್ಕೆ ಒಂದು ಆಕ್ಷೇಪವಿದೆ, ಅದು ನ್ಯಾಯವಾದುದು. ನನ್ನ ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವವಳು. ಅವಳಂಥವರಿಗೆ ಫ್ರಿಜ್ ಬಿಡುವು ಕೊಟ್ಟಿದೆ. ‘ದಿನವೂ ಬಿಸಿ ಅಡುಗೆ’ ಎಂದು ಗಂಡಸರು ಪ್ರವಚನ ಮಾಡಿ, ಒಲೆಯ ಮುಂದೆ ಹೆಂಗಸರನ್ನು ನಿಲ್ಲಿಸಿದರೆ ಅದನ್ನು ಶುದ್ಧಿ ಎನ್ನಬಹುದೇ? ಇನ್ನೊಬ್ಬರ ಬಳಲಿಕೆಯ ಮೇಲೆ ನಿಂತ ವ್ರತದಲ್ಲಿ ಅಹಿಂಸೆ ಉಳಿಯುವುದಿಲ್ಲ. ಆದುದರಿಂದ ಫ್ರಿಜ್ಜನ್ನು ಬದಲಿಸುವ ಮನೆಯಲ್ಲಿ ಗಂಡಸರ ದಿನಚರಿಯೂ ಬದಲಾಗಬೇಕು. ತರಕಾರಿ ಸೋಸುವುದು, ತೊಳೆದು ಹೆಚ್ಚುವುದು, ಮಜ್ಜಿಗೆ ಕಡೆಯುವುದು, ಎಷ್ಟು ಬೇಕೋ ಅಷ್ಟನ್ನೇ ಅಳೆದು ಅಕ್ಕಿ ತೊಳೆದಿಡುವುದು, ಇವು ನಿವೃತ್ತ ಶಿಕ್ಷಕನೂ ಕಲಿಯಬಹುದಾದ ಪಾಠಗಳು. ಕಲಿತಿದ್ದೇನೆ. ಅಡುಗೆಯ ಬಗೆ ಕಡಿಮೆಯಾದರೆ ಶ್ರಮವೂ ಕಡಿಮೆಯಾಗುತ್ತದೆ. ಬಿಸಿ ಮುದ್ದೆ, ಹುರುಳಿ ಸಾರು, ಒಂದು ಪಲ್ಯ, ಮಜ್ಜಿಗೆ ಇದ್ದರೆ ಊಟಕ್ಕೆ ಕೊರತೆಯೇನು? ಹೆಚ್ಚು ಬಗೆ ಬೇಕೆಂದಾಗಲೇ ಉಳಿಕೆ ಹುಟ್ಟುವುದು. ಉಳಿಕೆ ಹುಟ್ಟಿದಾಗಲೇ ತಂಗಳು ಪೆಟ್ಟಿಗೆ ತುಂಬುವುದು.

ಏನನ್ನು ತೆಗೆದು ಏನನ್ನು ಇಡಬೇಕು? ತಂಪುಪಾನೀಯದ ಜಾಗದಲ್ಲಿ ಅಂದಂದಿನ ಮಜ್ಜಿಗೆಯಿರಲಿ. ಎಳನೀರಿಗೆ ತುಮಕೂರು ಸೀಮೆಯಲ್ಲಿ ಬರವಿಲ್ಲ. ಡಬ್ಬಿಯ ರಸದ ಜಾಗದಲ್ಲಿ ಹಣ್ಣೇ ಇರಲಿ. ಬಾಳೆ, ಪರಂಗಿ, ಸಪೋಟ, ಮೋಸಂಬಿ, ಮಾವು ಎಂದು ಆಯಾ ಕಾಲಕ್ಕೆ ಒಂದೊಂದು ಬರುತ್ತದೆ. ಬಾಳೆಗೆ ಫ್ರಿಜ್ಜೂ ಬೇಡ. ಕರಿದ ತಿಂಡಿ, ಚಿಪ್ಸು, ಚಾಕೊಲೇಟಿನ ಬದಲು ಹುರಿದ ಕಡಲೆಕಾಯಿ, ಹುರಿಗಡಲೆ, ಒಂದು ಚೂರು ಕೊಬ್ಬರಿ ಸಾಕು. ಪಾವಗಡ, ಶಿರಾಗಳ ಕಡಲೆಕಾಯಿಯನ್ನು ಬಿಟ್ಟು ದೂರದ ಪೊಟ್ಟಣಕ್ಕೆ ಕೈಚಾಚುವುದೇಕೆ? ಬ್ರೆಡ್ಡು, ಜಾಮಿನ ಬದಲು ಸಂಜೆಗೆ ರಾಗಿ ರೊಟ್ಟಿ, ಇಲ್ಲವೇ ನವಣೆ, ಸಾಮೆಯ ಉಪ್ಪಿಟ್ಟು. ಭಾರತದ ಪ್ರಸ್ತಾಪದಂತೆ ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ನಮ್ಮ ಅಜ್ಜಿಯರಿಗೆ ಅದು ಎಲ್ಲ ವರ್ಷದ ಊಟವಾಗಿತ್ತು. ಹೀರೆ, ಸೋರೆ, ತೊಂಡೆ, ಬೆಂಡೆಗಳನ್ನು ಎರಡು ದಿನಕ್ಕಾಗುವಷ್ಟೇ ತನ್ನಿ; ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರಿಗೆ ಇವೇ ಆಸರೆ. ದೋಸೆ ಹಿಟ್ಟು ನಾಲ್ಕು ದಿನ ಹುಳಿಯುತ್ತ ಕೂರುವುದು ಬೇಡ. ಅಂದಿನ ಹಿಟ್ಟಿನಿಂದ ನೀರುದೋಸೆ ಮಾಡಬಹುದು. ಮೊಸರು ಮನೆಯದಾಗಿರಲಿ, ಅದನ್ನು ಬೇಳೆಕಾಳಿನೊಂದಿಗೆ ಬೆರೆಸುವಾಗ ದ್ವಿದಳದ ದೋಷ ನೆನಪಿರಲಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಹಣ್ಣು, ಎಳನೀರಿನ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಅನಿಷ್ಟ ಎಂಬುದು ಅವರವರ ದೇಹವನ್ನು ನೋಡಿ ಹೇಳಿದ ಮಾತು.

ಈ ಬದಲಾವಣೆ ಒಂದೇ ದಿನದ ಆವೇಶವಾಗಬಾರದು. ಆವೇಶದಲ್ಲಿ ಎಲ್ಲವನ್ನೂ ತಿಪ್ಪೆಗೆ ಸುರಿಯುವವರಿದ್ದಾರೆ. ಅನ್ನವನ್ನು ಹಾಳುಮಾಡಿ ಆರಂಭಿಸಿದ ವ್ರತ ಶೋಭಿಸುವುದಿಲ್ಲ. ಇನ್ನು ಕೆಲವರು ತಮಗೆ ಬೇಡವಾದ ಪಾನೀಯದ ಸೀಸೆಯನ್ನು ಮನೆಗೆಲಸದವರ ಮಕ್ಕಳಿಗೆ ಕೊಟ್ಟು ದಾನವೆಂದುಕೊಳ್ಳುತ್ತಾರೆ. ನಮ್ಮ ಮಗುವಿಗೆ ಅನಿಷ್ಟವಾದುದು ಅವರ ಮಗುವಿಗೆ ಇಷ್ಟವಾದೀತೇ? ಕೊಡುವುದಾದರೆ ಹಣ್ಣನ್ನೇ ಕೊಡೋಣ. ಇರುವುದನ್ನು ಮುಗಿಸಿ, ಮತ್ತೆ ತಾರದಿರುವುದೇ ಸರಿಯಾದ ಕ್ರಮ.

ಅದಕ್ಕೂ ಸಮಂತಭದ್ರರು ದಾರಿ ತೋರಿದ್ದಾರೆ. ಜೀವನಪರ್ಯಂತ ಬಿಡುವುದು ಯಮ. ಇಷ್ಟು ಕಾಲದವರೆಗೆ ಎಂದು ಬಿಡುವುದು ನಿಯಮ. ಜೀವನಪರ್ಯಂತದ ಮಾತು ಭಯ ಹುಟ್ಟಿಸಿದರೆ ಒಂದು ವಾರದ ನಿಯಮ ತೆಗೆದುಕೊಳ್ಳಬಹುದು. ಫ್ರಿಜ್ಜಿನ ಒಂದು ಅಂಕಣವನ್ನು ಈ ವಾರ ಶುದ್ಧಗೊಳಿಸೋಣ, ಇನ್ನೊಂದನ್ನು ಮುಂದಿನ ವಾರ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಫ್ರಿಜ್ಜನ್ನು ಹಾಲು, ಹಣ್ಣು, ತರಕಾರಿಗೆ ಮಾತ್ರ ಮೀಸಲಿಡುವ ನಿಯಮವನ್ನು ಯಾವ ಮನೆಯೂ ಮಾಡಬಹುದು. ನಮ್ಮ ಮನೆಯಲ್ಲಿ ಹಾಗೆಯೇ ಆರಂಭವಾಯಿತು. ಹತ್ತು ದಿನ ಕಳೆದ ಮೇಲೆ ಹಳೆಯ ವಸ್ತುಗಳಲ್ಲಿ ಅರ್ಧದಷ್ಟು ಮರಳಿ ಬರಲಿಲ್ಲ. ಉಳಿದರ್ಧ ಬಂದವು ಎಂಬುದನ್ನೂ ಮುಚ್ಚಿಡಲಾರೆ. ಮೊಮ್ಮಗನ ಐಸ್‌ಕ್ರೀಂ ಈಗಲೂ ತಿಂಗಳಿಗೊಮ್ಮೆ ಬರುತ್ತದೆ. ದಶಧರ್ಮಗಳಲ್ಲಿ ಕ್ಷಮೆ ಮೊದಲನೆಯದು, ಮಾರ್ದವ ಎರಡನೆಯದು. ನೆರೆಮನೆಯ ಫ್ರಿಜ್ಜನ್ನು ತೂಗಿ ನೋಡುವ ಅಹಂಕಾರ ಬಂದರೆ ಬಿಟ್ಟ ಸಕ್ಕರೆಗಿಂತ ಅದು ಹೆಚ್ಚು ಕೇಡು.

ಆರು ಬಾಹ್ಯ ತಪಗಳಲ್ಲಿ ಮೊದಲ ನಾಲ್ಕೂ ಊಟಕ್ಕೆ ಸಂಬಂಧಿಸಿದವು ಎಂಬುದನ್ನು ಗಮನಿಸಬೇಕು. ಉಪವಾಸವೆಂಬ ಅನಶನ, ಹಸಿವೆಗಿಂತ ಕಡಿಮೆ ಉಣ್ಣುವ ಅವಮೌದರ್ಯ, ಆಹಾರಕ್ಕೆ ಹೊರಡುವಾಗ ಕಟ್ಟಳೆ ಹಾಕಿಕೊಳ್ಳುವ ವೃತ್ತಿಪರಿಸಂಖ್ಯಾನ, ಮತ್ತು ರಸಪರಿತ್ಯಾಗ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಎರಡನ್ನೋ ಬಿಡುವುದು ರಸಪರಿತ್ಯಾಗ. ಎಣ್ಣೆ, ಸಿಹಿ, ಉಪ್ಪು ಕಡಿಮೆ ಮಾಡಿ ಎಂದು ಇಂದು ವೈದ್ಯರು ಭಯಪಡಿಸಿ ಹೇಳುವುದನ್ನು ನಮ್ಮ ಹಿರಿಯರು ತಪವೆಂದು ಸಂತೋಷದಿಂದ ಮಾಡುತ್ತಿದ್ದರು. ಭಯದಿಂದ ಬಿಟ್ಟದ್ದು ಭಯ ಕಳೆದೊಡನೆ ಮರಳುತ್ತದೆ. ಸ್ವಂತ ಇಚ್ಛೆಯಿಂದ ಬಿಟ್ಟದ್ದು ಕ್ರಮೇಣ ನೆನಪಿಗೂ ಬರುವುದಿಲ್ಲ.

ಶ್ರಾವಕನ ಕೊನೆಯ ಶಿಕ್ಷಾವ್ರತಕ್ಕೆ ಅತಿಥಿಸಂವಿಭಾಗ ಎಂದು ಹೆಸರು. ಬರುವ ತಿಥಿಯನ್ನು ತಿಳಿಸದೆ ಬರುವವನು ಅತಿಥಿ. ತನಗಾಗಿ ಮಾಡಿಕೊಂಡ ಶುದ್ಧ ಆಹಾರದಲ್ಲಿಯೇ ಅತಿಥಿಗೊಂದು ಪಾಲು ಕೊಡುವುದು ಈ ವ್ರತದ ಆಶಯ. ಹಾಗಾದರೆ ಮೊಮ್ಮಗನ ಪ್ರಶ್ನೆಗೆ ಉತ್ತರ ಇಲ್ಲಿಯೇ ಇತ್ತು. ಮುನಿಗಳಿಗೆಂದು ಒಂದು ದಿನ ಬೇರೆ ಅಡುಗೆ ಮಾಡುವುದಲ್ಲ, ಅವರು ಯಾವ ದಿನ ಬಂದರೂ ನಾಚಿಕೆಯಿಲ್ಲದೆ ಬಾಗಿಲು ತೆರೆಯುವಂತೆ ನಮ್ಮ ದಿನದ ಅಡುಗೆಯೇ ಇರಬೇಕು. ಆ ಮಟ್ಟ ನಮಗೆ ಇನ್ನೂ ದೂರ. ಆದರೆ ನಾಳೆ ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ತೆರೆದಾಗ ಕೈಗೆ ಬಂದ ಪ್ರತಿಯೊಂದನ್ನೂ ‘ನೀನು ಏನು, ನೀನು ಯಾವಾಗಿನವನು’ ಎಂದು ಕೇಳುವಷ್ಟು ದೂರವನ್ನಾದರೂ ನಾವು ನಡೆಯಬಲ್ಲೆವು.